ಬಾಳೆ ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿ ಮಾಡಿಸಬೇಕಾಗಿದೆ: ಕುಲುಮೆಯವರಿಗೆ ಏನೆಂದು ಹೇಳಲಿ?

ಪ್ರಶ್ನೆ: ಬೆಂಗಳೂರಿನ ಸೋದರಮಾವ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗನ ಮದುವೆ ವಿರಾಜಪೇಟೆಯಲ್ಲಿ ನಡೆಯಲಿದ್ದು, ಸೋದರಮಾವನಾದ ನನ್ನ ಪಾಲಿಗೆ ಬಾಳೆ ಕಡಿಯುವ ಗೌರವ ಬಂದಿದೆ. ಕೊಡಗಿನವರಲ್ಲದ ಓದುಗರಿಗೆ ಒಂದು ಮಾತು: ನೆಟ್ಟು ನಿಲ್ಲಿಸಿದ ಬಾಳೆದಿಂಡುಗಳನ್ನು ಒಡಿಕತ್ತಿಯಿಂದ (ಅಗಲ ಅಲಗಿನ ನಮ್ಮ ಸಾಂಪ್ರದಾಯಿಕ ಕತ್ತಿ) ಒಂದೊಂದೇ ಏಟಿಗೆ ಕಡಿದು ಉರುಳಿಸುವುದು ನಮ್ಮ ಮದುವೆಯ ಮುಖ್ಯ ಶಾಸ್ತ್ರಗಳಲ್ಲಿ ಒಂದು. ಮೊದಲ ಏಟಿಗೆ ತುಂಡಾಗದಿದ್ದರೆ ಆ ಹೊತ್ತಿಗೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷ, ಪ್ರತಿಯೊಂದು ಮದುವೆಯಲ್ಲಿಯೂ, ಊಟದ ಪಂಕ್ತಿಯಲ್ಲಿ ಅದನ್ನು ನೆನಪಿಸುವವರು ಇದ್ದೇ ಇರುತ್ತಾರೆ.

ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಹಳೆಯ ಒಡಿಕತ್ತಿ ಒಂದಿದೆ. ಅದರ ಹಿಡಿ ಸಡಿಲವಾಗಿದೆ, ಅಲಗು ಸಾಣೆ ಕಂಡು ಕಂಡು ಸವೆದಿದೆ, ಮೇಲಾಗಿ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ಪೂಜೆಗಲ್ಲದೆ ಅದನ್ನು ಹೊರಗೆ ತೆಗೆಯಲು ಹಿರಿಯರು ಒಪ್ಪುವುದಿಲ್ಲ, ಮತ್ತು ಅವರು ಒಪ್ಪದಿರುವುದೇ ಸರಿ ಎಂದು ನನಗೂ ಅನ್ನಿಸುತ್ತದೆ. ನನ್ನ ಬಳಿ ಇರುವುದು ಆರು ವರ್ಷದ ಹಿಂದೆ ಪ್ರವಾಸಿಗರ ಬೀದಿಯ ಅಂಗಡಿಯೊಂದರಲ್ಲಿ ಕೊಂಡದ್ದು. ನೋಡಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಚಿಕ್ಕಪ್ಪನ ಮಗನ ಮದುವೆಯಲ್ಲಿ ಅದನ್ನು ಬೀಸಿದಾಗ ಅಲಗು ದಿಂಡಿನೊಳಗೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಜಗ್ಗಿ ಎಳೆದು ನೋಡಿದರೆ ತುದಿ ಎಡಕ್ಕೆ ತಿರುಗಿತ್ತು, ತಗಡಿನ ಸೌಟು ಬಾಗಿದ ಹಾಗೆ. ಅಂದಿನ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈ ಸಲ ಕೈಯಿಂದ ಬಡಿದು ಮಾಡಿದ ಕತ್ತಿಯೇ ಆಗಬೇಕೆಂದು ತೀರ್ಮಾನಿಸಿದ್ದೇನೆ. ಪೊನ್ನಂಪೇಟೆಯ ಕಡೆ ಹಿರಿಯ ಕುಲುಮೆಯವರೊಬ್ಬರು ಸಿಕ್ಕಿದ್ದಾರೆ. ಐರಿ ಕುಟುಂಬದವರು, ತಲೆಮಾರುಗಳಿಂದ ಇದೇ ಕೆಲಸ. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ನಿಮಗೆ ಎಂಥ ಕತ್ತಿ ಬೇಕು, ಅದನ್ನು ಹೇಳಿ." ಅಷ್ಟಕ್ಕೇ ನನ್ನ ಬಾಯಿ ಕಟ್ಟಿತು. ಯಾವ ಕಬ್ಬಿಣ, ಎಷ್ಟು ತೂಕ, ಹಿಡಿ ಯಾವುದರದ್ದು, ಮುಂಗಡ ಎಷ್ಟು ಕೊಡುವುದು ವಾಡಿಕೆ, ಎಷ್ಟು ತಿಂಗಳು ಮೊದಲೇ ಹೇಳಿರಬೇಕು, ಬಳಿಕ ಅದನ್ನು ಬೆಂಗಳೂರಿನ ಮನೆಗೆ ತಂದಿಟ್ಟುಕೊಂಡರೆ ಕಾನೂನಿನ ತೊಡಕು ಬರುತ್ತದೆಯೆ, ಇವನ್ನು ತಿಳಿದವರು ದಯವಿಟ್ಟು ಹೇಳಬೇಕು. ಅಂತರಜಾಲದಲ್ಲಿ "ಡಮಾಸ್ಕಸ್ ಒಡಿಕತ್ತಿ" ಎಂದು ಅಲೆಅಲೆಯ ಗೆರೆಗಳಿರುವ ಕತ್ತಿಯೊಂದನ್ನು ಕಂಡೆ. ಅದನ್ನು ತರಿಸುವುದೇ ಮೇಲೆಂದು ಅಕ್ಕನ ಮಗನ ಸಲಹೆ. ಅದರ ಬಗೆಗೂ ನಾಲ್ಕು ಮಾತು ತಿಳಿದರೆ ಒಳ್ಳೆಯದು.


ಉತ್ತರ 1: ಕುಲುಮೆ ಮನೆಯವನು, ಈಗ ಪೀಣ್ಯ

ನನ್ನ ಅಜ್ಜನಿಗೆ ಕುಲುಮೆ ಇತ್ತು. ನಾನು ಪೀಣ್ಯದ ಟೂಲ್‌ರೂಮಿನಲ್ಲಿ ಉಕ್ಕಿಗೆ ಹದ ಹಾಕುವ ಕೆಲಸದಲ್ಲಿದ್ದೇನೆ. ಆದ್ದರಿಂದ ಎರಡೂ ಕಡೆಯ ಭಾಷೆ ಸ್ವಲ್ಪ ಸ್ವಲ್ಪ ಬರುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲಿಗೆ ನಿಮ್ಮ ಹಳೆಯ ಕತ್ತಿ ಏಕೆ ಬಾಗಿತು ಎಂಬುದು. ಅಂಥ ಅಂಗಡಿಗಳಲ್ಲಿ ಮಾರುವುದು ಬಹುತೇಕ ಪಾತ್ರೆಯ ಸ್ಟೀಲಿನ ತಗಡನ್ನು ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟ ವಸ್ತು. ಪಾತ್ರೆಯ ಸ್ಟೀಲಿನಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಎಷ್ಟೇ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ತುಕ್ಕು ಹಿಡಿಯದು ಎಂಬುದೊಂದೇ ಅದರ ಗುಣ, ಮತ್ತು ಗೋಡೆಯ ಮೇಲೆ ತೂಗು ಹಾಕುವುದಕ್ಕೆ ಅಷ್ಟು ಗುಣ ಸಾಕು.

ನಿಮ್ಮ ಕುಲುಮೆಯವರು ಬಹುಶಃ ಲಾರಿ ಅಥವಾ ಜೀಪಿನ ಪ್ಲೇಟನ್ನೇ, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯನ್ನೇ, ಬಳಸುತ್ತಾರೆ. ಅದನ್ನು ಗುಜರಿ ಮಾಲೆಂದು ಕೀಳಾಗಿ ಕಾಣಬೇಡಿ. ಇಎನ್ 45 ಎಂದು ಕರೆಯುವ ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟು ಇದ್ದು, ಜೊತೆಗೆ ಸಿಲಿಕಾನ್ ಮತ್ತು ಮ್ಯಾಂಗನೀಸ್ ಸೇರಿರುತ್ತವೆ; ಏಟು ತಾಳಿಕೊಂಡು ಮರಳಿ ತನ್ನ ಆಕಾರಕ್ಕೆ ಬರುವುದೇ ಅದರ ಹುಟ್ಟುಗುಣ. ಒಂದೇ ಒಂದು ಎಚ್ಚರಿಕೆ ಬೇಕು. ಹತ್ತಾರು ವರ್ಷ ಭಾರ ಹೊತ್ತ ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಬಡಿಯುವಾಗ ಮುಚ್ಚಿಕೊಂಡಂತೆ ಕಂಡರೂ ಹದ ಹಾಕುವಾಗ ಅದೇ ಬಾಯಿ ಬಿಡುತ್ತದೆ. ಪ್ಲೇಟು ಕಟ್ಟುವ ಅಂಗಡಿಗಳಲ್ಲಿ ಹೊಸ ಪಟ್ಟಿಯ ತುಂಡು ಸಿಗುತ್ತದೆ. ನೀವೇ ಒಂದನ್ನು ಕೊಂಡು ಅವರ ಕೈಗೆ ಕೊಡುವುದು ಉತ್ತಮ. ಕತ್ತಿಯ ಒಟ್ಟು ಖರ್ಚಿನಲ್ಲಿ ಅದೇನೂ ದೊಡ್ಡ ಮೊತ್ತವಲ್ಲ.

ಇನ್ನು ಹದದ ಮಾತು. ಕತ್ತಿಯ ಹಣೆಬರಹ ಬರೆಯುವುದು ಇಲ್ಲಿಯೇ. ಉಕ್ಕನ್ನು ಸುಮಾರು 850 ಡಿಗ್ರಿಯವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಕುಲುಮೆಯಲ್ಲಿ ಉಷ್ಣಮಾಪಕ ಇರುವುದಿಲ್ಲ. ಕೆಂಡದ ಬಣ್ಣವೇ ಅಳತೆ. ಕುಲುಮೆ ಮನೆ ಸದಾ ಕತ್ತಲಾಗಿರುವುದು ಬಡತನದಿಂದ ಮಾತ್ರವಲ್ಲ, ಬಿಸಿಲಿನಲ್ಲಿ ಆ ಕೆಂಪು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ ಎಂಬ ಕಾರಣಕ್ಕೂ ಹೌದು. 770 ಡಿಗ್ರಿ ದಾಟಿದರೆ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಈಗಿನ ಕೆಲವರು ಸರಳಿಗೊಂದು ಅಯಸ್ಕಾಂತ ಕಟ್ಟಿಟ್ಟುಕೊಂಡು ನೋಡುತ್ತಾರೆ. ನನ್ನ ಅಜ್ಜ ಅದನ್ನು ಕಂಡಿದ್ದರೆ ನಗುತ್ತಿದ್ದರು. ಎಣ್ಣೆಯಿಂದ ತೆಗೆದ ಅಲಗು ಗಾಜಿನಂತೆ ಗಟ್ಟಿ ಮತ್ತು ಗಾಜಿನಂತೆಯೇ ಪೆಡಸು. ಅದನ್ನು ಒಂದು ಪಕ್ಕ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಬಣ್ಣಗಳು ಓಡುತ್ತವೆ: 230 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, 280ರ ಹೊತ್ತಿಗೆ ನೇರಳೆ, 300ಕ್ಕೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಕ್ಷೌರದ ಕತ್ತಿಗೆ ಸರಿ. ಬೀಸಿ ಕಡಿಯುವ ಕತ್ತಿಗೆ ನೇರಳೆಯಿಂದ ನೀಲಿಯ ನಡುವೆ ನಿಲ್ಲಿಸಬೇಕು. ನಿಮ್ಮ ಕುಲುಮೆಯವರಿಗೆ ಈ ಅಂಕಿಗಳನ್ನು ದಯವಿಟ್ಟು ಹೇಳಬೇಡಿ. "ಬಾಳೆ ಕಡಿಯುವುದಕ್ಕೆ, ಮುಕ್ಕಾಗಬಾರದು" ಎಂದರೆ ಸಾಕು, ಉಳಿದದ್ದು ಅವರ ಕಣ್ಣಿಗೆ ಗೊತ್ತಿರುತ್ತದೆ.

ಬಾಳೆದಿಂಡು ಮೆದು, ಆದರೆ ಒದ್ದೆ. ಅಲಗಿನ ಎರಡೂ ಕೆನ್ನೆಗಳನ್ನು ಅದು ಹೀರಿ ಹಿಡಿಯುತ್ತದೆ. ಆದ್ದರಿಂದ ಅಲಗಿನ ಬಾಯಿ ತೆಳ್ಳಗಿರಬೇಕು, ಬಾಯಿಯಿಂದ ಬೆನ್ನಿನ ಕಡೆಗೆ ದಪ್ಪ ಸರಾಗವಾಗಿ ಏರಬೇಕು, ಕೆನ್ನೆ ನುಣ್ಣಗಿರಬೇಕು. ಸುತ್ತಿಗೆಯ ಗುರುತು ಕಂಡರೆ ಕೈಕೆಲಸವೆಂದು ತೋರುತ್ತದೆಂದು ಒರಟಾಗಿಯೇ ಬಿಡಿಸಿಕೊಳ್ಳುವ ಹುಚ್ಚು ಈಚೆಗೆ ಬಂದಿದೆ. ಅಂಥ ಕತ್ತಿ ದಿಂಡಿನೊಳಗೆ ನಿಂತುಬಿಡುತ್ತದೆ. ತೂಕ ಮುಂದಕ್ಕೆ, ಅಂದರೆ ಅಲಗು ಅಗಲವಾಗುವ ಜಾಗಕ್ಕೆ ಬರಬೇಕು. ನನ್ನ ಅಜ್ಜನ ಕಾಲದ ಒಂದು ಒಡಿಕತ್ತಿಯನ್ನು ನಿನ್ನೆ ತೂಗಿ ನೋಡಿದೆ: ಹಿಡಿ ಸೇರಿ 56 ಸೆಂಟಿಮೀಟರ್ ಉದ್ದ, 780 ಗ್ರಾಂ. ಕೈಯಲ್ಲಿ ಅದು ಇನ್ನೂ ಭಾರವೆನಿಸುತ್ತದೆ, ಏಕೆಂದರೆ ಭಾರವೆಲ್ಲ ಮುಂದೆಯೇ ಇದೆ.


ಉತ್ತರ 2: ಸಿದ್ದಾಪುರದ ತೋಟದವಳು

ಮೇಲಿನವರು ಅಲಗಿನ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ನನ್ನ ಮಗನಿಗೆ ಮೂರು ವರ್ಷದ ಹಿಂದೆ ಒಡಿಕತ್ತಿ ಮಾಡಿಸಿದಾಗ ಆದ ಎಡವಟ್ಟನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಒಡಿಕತ್ತಿಗೆ ಒರೆ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅದು ಬೆನ್ನ ಹಿಂದೆ, ಚೇಲೆ ಎಂಬ ಸೊಂಟದ ಪಟ್ಟಿಯ ಮೇಲೆ ಕಟ್ಟುವ ಹಿತ್ತಾಳೆಯ ತೋಡಂಗಿನಲ್ಲಿ ಬರಿದಾಗಿಯೇ ಕೂರುತ್ತದೆ. ನಾವು ತೋಡಂಗನ್ನು ಮನೆಯಲ್ಲಿಯೇ ಬಿಟ್ಟು, ಫೋಟೊ ತೋರಿಸಿ ಕತ್ತಿ ಮಾಡಿಸಿದೆವು. ಕತ್ತಿ ಬಹಳ ಸೊಗಸಾಗಿ ಬಂತು. ಮದುವೆಯ ದಿನ ಬೆಳಿಗ್ಗೆ, ಕುಪ್ಪಸ (ನಮ್ಮ ಗಂಡಸರ ನಿಲುವಂಗಿ) ತೊಡಿಸಿ, ಚೇಲೆ ಬಿಗಿದು, ಕತ್ತಿಯನ್ನು ತೋಡಂಗಿಗೆ ಇಳಿಸಲು ಹೋದರೆ ಅಲಗಿನ ಕತ್ತು ಎರಡು ನೂಲು ದಪ್ಪ, ಒಳಗೆ ಹೋಗಲೊಲ್ಲದು. ನನ್ನ ಮೈದುನ ಅಂಗಳದಲ್ಲಿ ಕುಳಿತು ಅರದಿಂದ ತೋಡಂಗಿನ ಬಾಯಿಯನ್ನು ಉಜ್ಜಿ ಉಜ್ಜಿ ಅಗಲ ಮಾಡಿದರು. ಹಿತ್ತಾಳೆಯ ಪುಡಿ ಬಿಳಿ ಕುಪ್ಪಸದ ಮೇಲೆಲ್ಲ ಬಿತ್ತು. ತಪ್ಪು ಕುಲುಮೆಯವರದ್ದಲ್ಲ, ನಮ್ಮದು. ಆದ್ದರಿಂದ ನಿಮ್ಮ ತೋಡಂಗನ್ನು ಜೊತೆಗೆ ಒಯ್ಯಿರಿ, ಹದ ಹಾಕುವ ಮೊದಲೇ ಅದರಲ್ಲಿ ಕೂರಿಸಿ ನೋಡಲು ಹೇಳಿ. ಹದವಾದ ಮೇಲೆ ಅಲಗನ್ನು ಅರ ಮುಟ್ಟುವುದು ಕಷ್ಟ.

ಹಿಡಿಯ ವಿಷಯದಲ್ಲಿ ಎರಡು ಮಾತು. ಒಡಿಕತ್ತಿಯ ಹಿಡಿಯ ಬುಡ ಬೀಸಣಿಗೆಯಂತೆ ಅಗಲವಾಗಿರುವುದು ಅಂದಕ್ಕಲ್ಲ. ಬೀಸಿದಾಗ ಕತ್ತಿ ಕೈಯಿಂದ ಜಾರಿ ಹೋಗದಂತೆ ಅದು ತಡೆಯುತ್ತದೆ. ಅದನ್ನು ಚಿಕ್ಕದು ಮಾಡಿ ಎಂದು ಹೇಳಬೇಡಿ. ಮರ ಬೀಟೆಯಾದರೆ ಚೆನ್ನ, ಹಳೆಯ ಪೀಠೋಪಕರಣದ ತುಂಡೊಂದು ಮನೆಯಲ್ಲಿದ್ದರೆ ಅದೇ ಸಾಕು. ಕತ್ತಿಯ ಬಾಲ ಹಿಡಿಯ ಒಳಗೆ ಎಷ್ಟು ದೂರ ಹೋಗುತ್ತದೆ ಎಂದು ಮಾತ್ರ ಕೇಳಿಯೇ ಕೇಳಿ. ಗಿಡ್ಡ ಬಾಲವನ್ನು ಅರಗಿನಿಂದ ಅಂಟಿಸಿದ್ದು ಪೂಜೆಗೆ ನಡೆಯುತ್ತದೆ; ಕಡಿಯುವ ಕತ್ತಿಯ ಬಾಲ ಹಿಡಿಯ ಆಚೆ ತುದಿಯವರೆಗೆ ಹಾದು, ಅಲ್ಲಿ ಬಡಿದು ಮಡಿಸಿರಬೇಕು. ಮದುವೆಯ ಗುಂಪಿನಲ್ಲಿ ಅಲಗು ಹಿಡಿಯಿಂದ ಕಳಚಿ ಹಾರಿದರೆ ಏನಾದೀತೆಂದು ಯೋಚಿಸಿ.

ಹಣದ ಬಗ್ಗೆ: ನಾವು ಕಬ್ಬಿಣ, ಮರ ಮತ್ತು ಇದ್ದಿಲಿನ ಖರ್ಚನ್ನು ಮುಂಗಡವಾಗಿ ಕೊಟ್ಟು, ಕೂಲಿಯನ್ನು ಕತ್ತಿ ಕೈಗೆ ಬಂದ ಮೇಲೆ ಕೊಟ್ಟೆವು. ಚೌಕಾಸಿ ಮಾಡಲಿಲ್ಲ. ಇಬ್ಬರು ನಾಲ್ಕು ದಿನ ಬೆವರು ಸುರಿಸುವ ಕೆಲಸಕ್ಕೆ ಅಂಗಡಿಯ ತಗಡಿನ ಬೆಲೆಯನ್ನು ಎದುರಿಗಿಟ್ಟು ಮಾತಾಡುವುದು ನನಗೆ ಹಿಡಿಸದು. ಸಮಯವನ್ನು ಮಾತ್ರ ಧಾರಾಳವಾಗಿ ಕೊಡಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಮೊದಲು ಊರಿನವರೆಲ್ಲ ಕತ್ತಿ ಕೊಡಲಿಗಳನ್ನು ಸರಿ ಮಾಡಿಸಲು ತಂದು ರಾಶಿ ಹಾಕಿರುತ್ತಾರೆ, ಸುಗ್ಗಿಯ ಹಬ್ಬವಾದ ಪುತ್ತರಿಯ ಮುಂಚೆ ಕುಡುಗೋಲಿನ ಸರದಿ. ಅವೆರಡರ ನಡುವೆ ಅವರ ಕೈ ಸ್ವಲ್ಪ ಬಿಡುವಾಗಿರುತ್ತದೆ.


ಉತ್ತರ 3: ಮಡಿಕೇರಿ ಕೋರ್ಟಿನ ಹತ್ತಿರದವನು

ಕಾನೂನಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರವೆಂದರೆ ಬಂದೂಕು ಮಾತ್ರವಲ್ಲ, ಹರಿತವಾದ ಆಯುಧವೂ ಸೇರುತ್ತದೆ. 2016ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗಿನ ಆಯುಧಗಳನ್ನು ಒಂದು ವರ್ಗವಾಗಿ ಹೆಸರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವು ಅದರಿಂದ ಹೊರಗೆ. ಒಡಿಕತ್ತಿ ಆ ಎರಡೂ ಅಳತೆಗಳನ್ನು ಮೀರುತ್ತದೆ, ಮತ್ತು ಅದನ್ನು ತರಕಾರಿ ಹೆಚ್ಚುವ ಕತ್ತಿ ಎಂದು ಯಾರಿಗೂ ಒಪ್ಪಿಸಲಾಗದು.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಇದನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ಅದರ ಬಲದ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಕತ್ತಿ ಬೀಸುತ್ತ ವಿಡಿಯೊ ಮಾಡಿ ಹಾಕುವುದು ವಿವೇಕವಲ್ಲ. ಪೊಲೀಸರು ಮೊದಲು ನೋಡುವುದು ನಿಮ್ಮ ಕೈಯಲ್ಲಿರುವುದನ್ನು, ಆಮೇಲೆ ನಿಮ್ಮ ಒಕ್ಕದ (ಮನೆತನದ) ಹೆಸರನ್ನು. ಕತ್ತಿಯನ್ನು ಕೊಡಗಿನ ಮನೆಯಲ್ಲಿಯೇ ಇಡಿ ಎಂಬುದು ನನ್ನ ಸಲಹೆ. ತರಲೇಬೇಕಾದರೆ ನೀವಿರುವ ಠಾಣೆಯಲ್ಲಿ ಮೊದಲೇ ವಿಚಾರಿಸಿ; ದಾರಿಯಲ್ಲಿ ಬಟ್ಟೆಯಲ್ಲಿ ಸುತ್ತಿ, ಕಟ್ಟಿ, ಕಾರಿನ ಡಿಕ್ಕಿಯಲ್ಲಿಡಿ; ಚುನಾವಣೆ ಘೋಷಣೆಯಾಗಿರುವಾಗ ಅಥವಾ ನಿಷೇಧಾಜ್ಞೆ ಇರುವಾಗ ಸಾಗಿಸಬೇಡಿ. ಕೊರಿಯರಿಗೆ ಕೊಡಲೇಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಕೇಳದಿದ್ದರೂ ಇನ್ನೊಂದನ್ನು ಹೇಳುತ್ತೇನೆ. ಹಿಡಿಗೆ ಕಡವೆಯ ಕೊಂಬು ಅಥವಾ ದಂತ ಹಾಕಿಸುವ ಆಸೆ ಕೆಲವರಿಗೆ ಇರುತ್ತದೆ, "ಅಜ್ಜನ ಕಾಲದ ತುಂಡು ಅಟ್ಟದ ಮೇಲಿದೆ" ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. ಕುಲುಮೆಯವರ ಕೈಗೆ ಕೊಟ್ಟರೆ ಆ ಬಡಪಾಯಿಯನ್ನೂ ಸಿಕ್ಕಿಸಿದ ಹಾಗೆ. ಕತ್ತಿಯ ಮಾತಿಗಿಂತ ಇದು ಬಹಳ ಗಂಭೀರ.


ಉತ್ತರ 4: ಉಕ್ಕಿನ ಹುಚ್ಚು

ಡಮಾಸ್ಕಸ್ ಎಂಬ ಹೆಸರು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ. ಇಂದು ಆ ಹೆಸರಿನಲ್ಲಿ ಮಾರುವುದು ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಕಾಯಿಸಿ ಬೆಸೆದು, ಮಡಿಸಿ, ಮತ್ತೆ ಬೆಸೆದು, ಕೊನೆಗೆ ಆಮ್ಲದಲ್ಲಿ ಅದ್ದಿ ಗೆರೆ ಬರಿಸಿದ ಅಲಗು. ಚೆನ್ನಾಗಿ ಬೆಸೆದದ್ದಾದರೆ ಕೆಟ್ಟದ್ದೇನಲ್ಲ. ಆದರೆ ಒಂದು ಪದರ ಸರಿಯಾಗಿ ಕೂಡದಿದ್ದರೂ ಅದು ಹೊರಗೆ ಕಾಣುವುದಿಲ್ಲ, ಅಗ್ಗದ ಮಾಲಿನಲ್ಲಿ ಗೆರೆಯನ್ನು ಬರಿ ಮೇಲ್ಮೈಗೆ ಕೊರೆದಿರುವುದೂ ಉಂಟು.

ಹಳೆಯ ಕಾಲದ ನಿಜವಾದ ಡಮಾಸ್ಕಸ್ ಅಲಗುಗಳ ಮೂಲ ನಮ್ಮ ದಕ್ಷಿಣದ ಮೂಸೆ ಉಕ್ಕು. ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಸೌದೆ, ಎಲೆಗಳನ್ನೂ ಇಟ್ಟು ಬಾಯಿ ಮುಚ್ಚಿ ಕರಗಿಸಿದರೆ ಶೇ. 1ಕ್ಕಿಂತ ಹೆಚ್ಚು ಇಂಗಾಲವಿರುವ ಗಟ್ಟಿ ಸಿಗುತ್ತಿತ್ತು. ಅದನ್ನು ಬಡಿದಾಗ ಏಳುವ ಅಲೆಗಳು ಉಕ್ಕಿನ ಒಳಗಿನಿಂದಲೇ ಬಂದವು, ಪದರದಿಂದಲ್ಲ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಓದಿದ, ಮೈಕೇಲ್ ಫ್ಯಾರಡೆ ಅದರ ಗುಟ್ಟು ಬಿಡಿಸಲು ವರ್ಷಗಟ್ಟಲೆ ಹೆಣಗಿದ. ಇಂಗ್ಲಿಷಿನವರು ಅದಕ್ಕಿಟ್ಟ "ವೂಟ್ಸ್" ಎಂಬ ಹೆಸರು ನಮ್ಮ "ಉಕ್ಕು" ಪದದಿಂದಲೇ ಹುಟ್ಟಿತೆಂಬುದು ಹಲವರ ಅಭಿಪ್ರಾಯ. ಇಷ್ಟು ದೊಡ್ಡ ಹೆಸರನ್ನು ಬಾಳೆದಿಂಡಿಗಾಗಿ ಕರೆಯಬೇಕೆ? ಲಾರಿ ಪ್ಲೇಟಿನ ಒಡಿಕತ್ತಿ ಮುಕ್ಕಾದರೆ ಅದೇ ಕುಲುಮೆಗೆ ಒಯ್ದು ಸರಿ ಮಾಡಿಸಬಹುದು. ಅಂತರಜಾಲದವರು ಕಳಿಸಿದ್ದನ್ನು ಎಲ್ಲಿಗೆ ಒಯ್ಯುತ್ತೀರಿ?


ಮರುಮಾತು: ಬೆಂಗಳೂರಿನ ಸೋದರಮಾವ

ಎಲ್ಲರಿಗೂ ಕೃತಜ್ಞತೆಗಳು. ಹೋದ ಭಾನುವಾರ ಹೊಸ ಪ್ಲೇಟಿನ ತುಂಡು, ತೋಡಂಗು ಮತ್ತು ಬಾಗಿದ ಹಳೆಯ ಕತ್ತಿ ಇವಿಷ್ಟನ್ನೂ ಹೊತ್ತುಕೊಂಡು ಪೊನ್ನಂಪೇಟೆಗೆ ಹೋಗಿ ಬಂದೆ.

ಕುಲುಮೆಯವರು ಮೊದಲು ಆ ಹಳೆಯ ಕತ್ತಿಯನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ಚಿಕ್ಕ ಸುತ್ತಿಗೆಯಿಂದ ತಟ್ಟಿದರು. "ಡಬ್" ಎಂದು ಸತ್ತ ಸದ್ದು ಬಂತು. ಗೋಡೆಗೆ ಒರಗಿಸಿಟ್ಟಿದ್ದ, ಯಾರೋ ರಿಪೇರಿಗೆ ತಂದಿದ್ದ ಕತ್ತಿಯನ್ನು ಹಾಗೆಯೇ ತೂಗಿ ತಟ್ಟಿದರು. ಅದು ದೇವಸ್ಥಾನದ ಜಾಗಟೆಯ ಹಾಗೆ ಸ್ವಲ್ಪ ಹೊತ್ತು ಮೊಳಗುತ್ತಲೇ ಇತ್ತು. ಏನೂ ಹೇಳದೆ ಎರಡನ್ನೂ ಕೆಳಗಿಟ್ಟರು. ಆಮೇಲೆ ಹಳೆಯ ಪೆಟ್ಟಿಗೆಯ ಹಲಗೆಯೊಂದರ ಮೇಲೆ ಸೀಮೆಸುಣ್ಣದಿಂದ ಒಡಿಕತ್ತಿಯ ಆಕಾರ ಬರೆದು, ಗರಗಸದಿಂದ ಕೊಯ್ದು ನನ್ನ ಕೈಗೆ ಕೊಟ್ಟು, ಅಂಗಳದಲ್ಲಿ ನಿಂತು ಬೀಸಲು ಹೇಳಿದರು. ನಾನು ಬೀಸಿದೆ. ಮಣಿಕಟ್ಟು ಮೊದಲೇ ತಿರುಗುತ್ತದೆ, ಭುಜ ಆಮೇಲೆ ಬರುತ್ತದೆ ಎಂದು ಹೇಳಿ, ಹಲಗೆಯ ಬೆನ್ನಿನ ಕಡೆಯಿಂದ ಒಂದು ಬೆರಳಿನಷ್ಟು ಅಗಲವನ್ನು ಕೆತ್ತಿ ತೆಗೆದು ಮತ್ತೆ ಬೀಸಿಸಿದರು. ಹೀಗೆ ಮೂರು ಸಲ. ಉದ್ದ ಎಷ್ಟು, ತೂಕ ಎಷ್ಟು ಎಂದು ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಅವರು ಓದಲೇ ಇಲ್ಲ.

ತೋಡಂಗನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಬಾಲ ಹಿಡಿಯ ತುದಿಯವರೆಗೆ ಬರುತ್ತದೆಯೆ ಎಂದು ಕೇಳಿದ್ದಕ್ಕೆ ಅವರಿಗೆ ತುಸು ಬೇಸರವಾಯಿತು, "ಮತ್ತೆ ಇನ್ನೆಲ್ಲಿಗೆ ಬರಬೇಕು?" ಎಂದರು. ಕೆಲಸ ಕೈಲ್‌ಪೊಳ್ದ್ ಕಳೆದ ಮೇಲೆ ಶುರು, ಪುತ್ತರಿಗೆ ಮೊದಲು ಕೈಗೆ. ಎಂಟು ಸಾವಿರ ಹೇಳಿದರು. ಎರಡು ಸಾವಿರ ಮುಂಗಡ ಕೊಟ್ಟೆ. ಬಾಳೆಯ ಕರೆ ತಾಗಿದ ಅಲಗನ್ನು ಹಾಗೆಯೇ ಬಿಟ್ಟರೆ ಮರುದಿನ ಕಪ್ಪಾಗಿರುತ್ತದೆ, ಕಡಿದ ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು, ಊಟ ಆಮೇಲೆ ಎಂದು ಎರಡು ಸಲ ಎಚ್ಚರಿಸಿದರು. ಕತ್ತಿ ಅಕ್ಕನ ಮನೆಯಲ್ಲಿಯೇ ಇರುತ್ತದೆ, ಬೆಂಗಳೂರಿಗೆ ಬರುವುದಿಲ್ಲ.

ಅದು ಬಂದ ಮೇಲೆ ಮದುವೆಯವರೆಗೆ ಅಕ್ಕನ ತೋಟದಲ್ಲಿ ಅಭ್ಯಾಸ ಮಾಡುವುದೆಂದು ತೀರ್ಮಾನವಾಗಿದೆ. ಗೊನೆ ಇಳಿಸಿದ ಬಾಳೆಗಳನ್ನು ಬಿಟ್ಟು ಬೇರೊಂದನ್ನು ಮುಟ್ಟಕೂಡದೆಂಬ ಷರತ್ತಿನ ಮೇಲೆ ಅಕ್ಕ ಒಪ್ಪಿದ್ದಾಳೆ, ಮತ್ತು ಯಾವ ಗಿಡಗಳೆಂದು ತಾನೇ ಸುಣ್ಣದ ಗುರುತು ಹಾಕಿಡುತ್ತಾಳಂತೆ.